ಒಂದೇ ಪಂಕ್ತಿಯ ಊಟ: ತಮ್ಮನಿಗೆ ಎರಡು ದಿನ, ನನಗೆ ಒಂಬತ್ತು ದಿನ ಏಕೆ?

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವಳು, ವಯಸ್ಸು 43. ನನಗೆ ಎಚ್‌ಐವಿ ಇರುವುದು 2014ರಲ್ಲಿ ಗೊತ್ತಾಯಿತು. ಹಾಸನದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಿಂದ ಮಾತ್ರೆ ತರುತ್ತೇನೆ, ರಾತ್ರಿಗೆ ಒಂದು. ಕಳೆದ ಸಲ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕೋಶಗಳ ಎಣಿಕೆ) 512 ಇತ್ತು, ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ‘ಪತ್ತೆಯಾಗಿಲ್ಲ’ ಎಂದು ಬಂದಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದೇನೆ. ತಮ್ಮನಿಗೆ, ಅವನ ಹೆಂಡತಿಗೆ ವಿಷಯ ತಿಳಿದಿದೆ.

ಹೋದ ತಿಂಗಳ ಒಂದು ಭಾನುವಾರ ನಾನು, ತಮ್ಮ ಇಬ್ಬರೂ ಬೀಗರೂಟಕ್ಕೆ ಹೋಗಿ ಒಂದೇ ಪಂಕ್ತಿಯಲ್ಲಿ ಉಂಡು ಬಂದೆವು. ಸೋಮವಾರ ರಾತ್ರಿ ಇಬ್ಬರಿಗೂ ವಾಂತಿ, ಭೇದಿ. ತಮ್ಮ ಹಜಾರದಲ್ಲೇ ಕಾರಿಕೊಂಡ. ಬುಧವಾರ ಇಬ್ಬರಿಗೂ ವಾಂತಿ ನಿಂತಿತು. ಅವನು ಗುರುವಾರ ತೋಟಕ್ಕೆ ಹೋದ. ನನಗೆ ಭೇದಿ ನಿಲ್ಲಲಿಲ್ಲ. ಎಚ್‌ಐವಿ ಇದೆಯಲ್ಲ ಎಂಬ ಹೆದರಿಕೆಯಿಂದ ಬುಧವಾರ ಔಷಧಿ ಅಂಗಡಿಯಿಂದ ಎರಡು ಬಗೆಯ ಆ್ಯಂಟಿಬಯೋಟಿಕ್, ಹೊಟ್ಟೆ ಉರಿಗೆ ಜೆಲ್, ಶಕ್ತಿಗೆಂದು ಒಂದು ಮಾತ್ರೆ ತಂದೆ. ಎಚ್‌ಐವಿ ವಿಷಯ ಅಲ್ಲಿ ಹೇಳಲಿಲ್ಲ. ಊಟ ಸೇರದೆ ಹಾಲು, ಬಿಸ್ಕತ್ತು, ಕಾಫಿಯಲ್ಲೇ ಇದ್ದೆ. ಹೊಟ್ಟೆ ಸರಿಯಾಗಲಿ ಎಂದು ನಾಲ್ಕು ರಾತ್ರಿ ಎಚ್‌ಐವಿ ಮಾತ್ರೆ ಬಿಟ್ಟು ಶುಕ್ರವಾರ ಮತ್ತೆ ಶುರು ಮಾಡಿದೆ. ಭೇದಿ ನಿಂತಾಗ ಮುಂದಿನ ಬುಧವಾರ ಬಂದಿತ್ತು. ಜ್ವರ ಮೊದಲ ದಿನ ಸ್ವಲ್ಪ ಇತ್ತು, ರಕ್ತ ಬೀಳಲಿಲ್ಲ. ನಡುವೆ ಗುರುವಾರ ತಮ್ಮನ ಇಬ್ಬರು ಮಕ್ಕಳಿಗೂ ವಾಂತಿಯಾಯಿತು. ಅಂದಿನಿಂದ ನನ್ನ ತಟ್ಟೆ ಲೋಟ ಬೇರೆಯಾಗಿದೆ, ಹೊರಗಿನ ಕಕ್ಕಸು ಬಳಸಲು ಹೇಳಿದ್ದಾರೆ. ನನ್ನ ಮಾತ್ರೆ ಕೆಲಸ ಮಾಡುತ್ತಿಲ್ಲವೇ? ಮಕ್ಕಳಿಗೆ ರೋಗ ಕೊಟ್ಟವಳು ನಾನೇ? ಮಲ ಪರೀಕ್ಷೆ ಮಾಡಿಸಬೇಕಿತ್ತೇ? ಮುಂದಿನ ತಿಂಗಳು ಸಕಲೇಶಪುರದಲ್ಲಿ ಒಂದು ನಾಮಕರಣವಿದೆ, ಹೋಗಬಹುದೇ? (ಹೆಸರು ಬೇಡ)

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ವಾರಗಳ ಹೆಸರು ಇರುವುದಕ್ಕೆ ಮೊದಲು ಕೃತಜ್ಞತೆ. ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ; ‘ಯಾವಾಗ ಶುರುವಾಯಿತು’ ಎಂದರೆ ‘ಮೊನ್ನೆ ಆಚೆಗೆ’ ಎನ್ನುವವರೇ ಹೆಚ್ಚು. ಹೊಟ್ಟೆಯ ಕಾಯಿಲೆಯಲ್ಲಿ ಅರ್ಧ ರೋಗನಿರ್ಣಯ ಕ್ಯಾಲೆಂಡರಿನಲ್ಲೇ ಇರುತ್ತದೆ. ಹಾಗಾಗಿ ನಿಮ್ಮ ಪತ್ರವನ್ನು ಕ್ಯಾಲೆಂಡರಿನಂತೆಯೇ ಓದುತ್ತೇನೆ.

ಭಾನುವಾರ ಮಧ್ಯಾಹ್ನ ಊಟ, ಸೋಮವಾರ ರಾತ್ರಿ ವಾಂತಿ. ನಡುವೆ ಹೆಚ್ಚುಕಡಿಮೆ ಮೂವತ್ತು ಗಂಟೆ. ಬೀಗರೂಟದ ಮಾರನೆಯ ದಿನ ಹೊಟ್ಟೆ ಕೆಟ್ಟರೆ ಊರೆಲ್ಲ ಮಟನ್ನಿನ ಮೇಲೆ ಹೊರಿಸುತ್ತದೆ. ಅಡುಗೆಯಲ್ಲಿ ಬ್ಯಾಕ್ಟೀರಿಯಾದ ವಿಷ ಸೇರಿದ್ದರೆ, ಅದರಲ್ಲೂ ಸ್ಟೆಫೈಲೊಕಾಕಸ್‌ನ ವಿಷವಾಗಿದ್ದರೆ, ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನೀವು ಮನೆ ಸೇರುವ ಮೊದಲೇ ಬಸ್ಸು ನಿಲ್ಲಿಸಬೇಕಾಗುತ್ತಿತ್ತು. ಹನ್ನೆರಡರಿಂದ ನಲವತ್ತೆಂಟು ಗಂಟೆ ಸುಮ್ಮನಿದ್ದು, ಇದ್ದಕ್ಕಿದ್ದಂತೆ ವಾಂತಿಯಿಂದ ಶುರುವಾಗಿ, ಒಂದೆರಡು ದಿನದಲ್ಲಿ ತಾನಾಗಿ ಇಳಿದು, ಊಟಕ್ಕೆ ಹೋಗದೆ ಮನೆಯಲ್ಲಿದ್ದ ಮಕ್ಕಳನ್ನು ಎರಡು ಮೂರು ದಿನದ ನಂತರ ಹಿಡಿಯುವ ಕಾಯಿಲೆ ಎಂದರೆ ನನ್ನ ಮನಸ್ಸು ಮೊದಲು ಹೋಗುವುದು ನೊರೊವೈರಸ್ ಕಡೆಗೆ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್‌ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳು, ಶಿಕ್ಷಕರು ಸಾಲಾಗಿ ಕಾರಿಕೊಂಡರು; ಶಾಲೆಯ ಮೆಟ್ಟಿಲು ಹತ್ತದ ಅವರ ಮನೆಯವರಿಗೂ ಅದು ಹರಡಿತು. ಆಗ ತೆಗೆದಿಟ್ಟಿದ್ದ ಮಾದರಿಯಲ್ಲಿ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡದ್ದು 1972ರಲ್ಲಿ. ಆ ಊರಿನ ಹೆಸರೇ ವೈರಸ್ಸಿಗೆ ಅಂಟಿತು. ಪಾಪ, ಆ ಊರಿನವರು ಬೇರಾವುದಕ್ಕಾದರೂ ಹೆಸರಾಗಲು ಇಷ್ಟಪಡುತ್ತಿದ್ದರೇನೋ.

ವಯಸ್ಕರ ಕರುಳಿಗೆ ಬರುವ ವೈರಸ್ಸುಗಳು ಬೇರೆಯೂ ಇವೆ. ರೊಟಾವೈರಸ್ ಮುಖ್ಯವಾಗಿ ಎಳೆಯ ಮಕ್ಕಳದ್ದು. ನಾವೆಲ್ಲ ಚಿಕ್ಕವರಿದ್ದಾಗಲೇ ಅದನ್ನು ಕಂಡವರು, ದೊಡ್ಡವರಾದ ಮೇಲೆ ಬಂದರೂ ಹಗುರವಾಗಿ ಹೋಗುತ್ತದೆ. ಆಸ್ಟ್ರೊವೈರಸ್, ಕರುಳಿನ ಅಡಿನೊವೈರಸ್ ಕೂಡ ಆರೋಗ್ಯವಂತ ವಯಸ್ಕರನ್ನು ಹೆಚ್ಚು ಕಾಡುವುದಿಲ್ಲ. ಮದುವೆ, ಹಾಸ್ಟೆಲ್, ಜಾತ್ರೆ, ಕಾಫಿ ತೋಟದ ಲೈನ್ ಮನೆ, ಹೀಗೆ ಜನ ಒತ್ತಾಗಿರುವಲ್ಲಿ ಹತ್ತಾರು ಮಂದಿ ವಯಸ್ಕರನ್ನು ಒಂದೇ ರಾತ್ರಿ ಮಲಗಿಸುವುದು ನೊರೊವೈರಸ್. ಕೆಲವೇ ಹತ್ತು ಕಣ ಹೊಟ್ಟೆಗೆ ಹೋದರೂ ಅದಕ್ಕೆ ಸಾಕು. ಬೀಗರೂಟದಲ್ಲಿ ಕುದಿಯುವ ಸಾರಿನ ಮೇಲೆ, ಬಿಸಿ ಮುದ್ದೆಯ ಮೇಲೆ ನನಗೆ ಅನುಮಾನ ಕಡಿಮೆ. ಡ್ರಮ್ಮಿನೊಳಕ್ಕೆ ಮೊಣಕೈವರೆಗೆ ಅದ್ದಿ ಲೋಟ ತುಂಬಿಸುವ ಕೈ, ಸೌತೆಕಾಯಿ ಈರುಳ್ಳಿ ಹೆಚ್ಚಿ ಎಲೆಯ ತುದಿಗಿಡುವ ಕೈ, ಇವೇ ನನ್ನ ಸಂಶಯಿತರು.

ಈಗ ಎರಡನೆಯ ಭಾಗ. ಬುಧವಾರ ಇಬ್ಬರಿಗೂ ವಾಂತಿ ನಿಂತಿತು ಎಂದು ಬರೆದಿದ್ದೀರಿ. ಆ ಒಂದು ಸಾಲಿನಲ್ಲಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ವೈರಸ್ ನಿಮ್ಮಿಬ್ಬರಲ್ಲೂ ಒಂದೇ ಗಂಟೆಗೆ ಬಂದು ಒಂದೇ ಗಂಟೆಗೆ ಗಂಟುಮೂಟೆ ಕಟ್ಟಿತು. ಅಲ್ಲಿಂದಾಚೆಗಿನ ದಿನಗಳನ್ನು ಬೇರೆಯಾಗಿ ನೋಡಬೇಕು. ಬುಧವಾರ ನಿಮ್ಮ ತಮ್ಮ ಏನೂ ತೆಗೆದುಕೊಳ್ಳಲಿಲ್ಲ. ನೀವು ಹೆದರಿ ಒಂದು ಚೀಲ ಔಷಧಿ ತಂದಿರಿ.

ಆ ಚೀಲವನ್ನು ಬಿಚ್ಚೋಣ. ಆ್ಯಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಅದು ಕರುಳಿನಲ್ಲಿ ನೆಲೆಸಿರುವ, ನಮಗೆ ಬೇಕಾದ ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತದೆ. ಹಲವರಿಗೆ ಅದರಿಂದಲೇ ಭೇದಿಯಾಗುತ್ತದೆ, ನೀವು ಎರಡು ಬಗೆಯದನ್ನು ನುಂಗಿದ್ದೀರಿ. ಹೊಟ್ಟೆ ಉರಿಯ ಜೆಲ್‌ಗಳಲ್ಲಿ ಮ್ಯಾಗ್ನೀಸಿಯಂ ಇರುತ್ತದೆ, ಮ್ಯಾಗ್ನೀಸಿಯಂ ಮಲ ಸಡಿಲಿಸುವ ಪದಾರ್ಥ. ಮಲಬದ್ಧತೆಗೆ ಕೊಡುವ ಔಷಧಿಯನ್ನು ಭೇದಿಯಾಗುತ್ತಿರುವಾಗ ಕುಡಿದಂತಾಯಿತು. ಮೂರನೆಯದು ಹಾಲು. ಸಣ್ಣ ಕರುಳಿನ ಒಳಗೋಡೆಯಲ್ಲಿ ರತ್ನಗಂಬಳಿಯ ಎಳೆಗಳಂತೆ ನವಿರಾದ ಚಾಚುಗಳಿವೆ. ವೈರಸ್ ಬಂದುಹೋದಾಗ ಅವು ಮೊಂಡಾಗುತ್ತವೆ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಆ ಚಾಚುಗಳ ತುದಿಯಲ್ಲೇ ಇರುವುದು. ಅವು ಮತ್ತೆ ಬೆಳೆಯುವವರೆಗೆ ಕೆಲವು ದಿನ ಹಾಲು ಅರಗದೆ ನೀರು ಎಳೆದುಕೊಂಡು ಹೊಟ್ಟೆ ಗುಡುಗುಡು ಎಂದು ಹೊರಗೆ ಹೋಗುತ್ತದೆ. ಪಥ್ಯವೆಂದು ನೀವು ಕುಡಿದ ಹಾಲೇ ಭೇದಿಯನ್ನು ಎಳೆದಿರುವ ಸಾಧ್ಯತೆ ದೊಡ್ಡದು. ಮಲೆನಾಡಿನವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಂಥ ನಾಲ್ಕು ದಿನ ಹಾಲು ಹಾಕದೆ ಕುಡಿಯಿರಿ, ಅದೂ ಕಡಿಮೆ.

ಪತ್ರ ನೋಡಿ ಹೇಳುತ್ತಿದ್ದೇನೆ, ಹೊಟ್ಟೆ ಮುಟ್ಟಿ ನೋಡಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಒಂಬತ್ತು ದಿನಗಳಲ್ಲಿ ಎರಡೋ ಮೂರೋ ವೈರಸ್ಸಿನವು, ಉಳಿದವು ಹೆದರಿಕೆಯವು.

ಹಾಗಾದರೆ ಎಚ್‌ಐವಿಯಿಂದ ಏನೂ ವ್ಯತ್ಯಾಸವಿಲ್ಲವೇ? ಇದೆ, ಆದರೆ ಜನ ತಿಳಿದಿರುವ ಜಾಗದಲ್ಲಿಲ್ಲ. ನಮ್ಮ ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ರಕ್ತದಲ್ಲಿರುವುದಿಲ್ಲ, ಕರುಳಿನ ಗೋಡೆಯಲ್ಲಿರುತ್ತದೆ. ಎಚ್‌ಐವಿ ದೇಹ ಹೊಕ್ಕ ಮೊದಲ ಕೆಲವು ವಾರಗಳಲ್ಲೇ ಅಲ್ಲಿನ ಸಿಡಿ4 ಕೋಶಗಳನ್ನು ಸಾರಾಸಗಟು ನಾಶ ಮಾಡುತ್ತದೆ. ಮಾತ್ರೆ ಶುರುವಾದ ಮೇಲೆ ರಕ್ತದಲ್ಲಿ ಸಂಖ್ಯೆ ಏರುವಷ್ಟು ಬೇಗ ಕರುಳಿನಲ್ಲಿ ಏರುವುದಿಲ್ಲ. ಇಷ್ಟಿದ್ದರೂ ಮಾತ್ರೆ ತಪ್ಪಿಸದ, ಸಿಡಿ4 ನಿಮ್ಮಷ್ಟಿರುವ ವಯಸ್ಕರಿಗೆ ನೊರೊವೈರಸ್ ಬಂದರೆ ಎಲ್ಲರಿಗೂ ಹೋದಂತೆ ಹೋಗುತ್ತದೆ ಎಂದೇ ಎಣಿಸಬೇಕು. ಲೆಕ್ಕ ಬದಲಾಗುವುದು ಸಿಡಿ4 200ಕ್ಕಿಂತ ಕೆಳಗಿಳಿದಾಗ. ಉಗಾಂಡಾದ ರೋಗಿಗಳ ಮಲವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಿಡಿ4 ಅಷ್ಟು ಕುಸಿದವರ ಕರುಳಿನಲ್ಲಿ ಅಡಿನೊವೈರಸ್‌ಗಳು ಹೆಚ್ಚಾಗಿ ಕಂಡವು. ನೊರೊವೈರಸ್ ಕೂಡ ಆರೋಗ್ಯವಂತರ ಮಲದಲ್ಲಿ ಎರಡು ಮೂರು ವಾರ ಕಾಣಿಸಿಕೊಂಡು ಮಾಯವಾದರೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು.

ಸಿಡಿ4 50ಕ್ಕಿಂತ ಕೆಳಗಿಳಿದರೆ ಇನ್ನೊಂದು ವೈರಸ್ ಇದೆ, ಅದರ ಹೆಸರು ಸೈಟೊಮೆಗಾಲೊವೈರಸ್. ಇದರ ಬಗ್ಗೆ ಬರೆಯುವಾಗ ನನಗೆ ಒಬ್ಬರ ನೆನಪಾಗುತ್ತದೆ. ವೃತ್ತಿಯ ಆರಂಭದ ದಿನಗಳು. ಲಾರಿ ಓಡಿಸುತ್ತಿದ್ದವರು, ಭೇದಿಯೆಂದು ಬಂದರು. ‘ವೈರಲ್, ತಾನಾಗಿ ಹೋಗುತ್ತದೆ’ ಎಂದು ಒಆರ್‌ಎಸ್ ಕೊಟ್ಟು ಕಳಿಸಿದೆ. ವಾರ ಬಿಟ್ಟು ಬಂದರು, ಅದೇ ಮಾತು ಹೇಳಿದೆ. ಮೂರನೆಯ ಸಲ ಬಂದಾಗ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದರು, ಮಲದಲ್ಲಿ ರಕ್ತವಿತ್ತು. ಆಗ ಎಚ್‌ಐವಿ ಪರೀಕ್ಷೆಯ ಮಾತು ತೆಗೆದೆ. ದೊಡ್ಡ ಕರುಳಿಗೆ ನಳಿಕೆ ಇಳಿಸಿ ನೋಡಿದಾಗ ಹುಣ್ಣುಗಳಿದ್ದವು. ಹುಣ್ಣಿನ ಚೂರು ತೆಗೆದು ನೋಡಿದರೆ ಗೂಬೆಯ ಕಣ್ಣಿನಂತೆ ಕಾಣುವ ಉಬ್ಬಿದ ಕೋಶಗಳು, ಅದೇ ಆ ವೈರಸ್ಸಿನ ರುಜು. ಇದಕ್ಕೆ ಗ್ಯಾನ್‌ಸೈಕ್ಲೊವಿರ್ ಎಂಬ ಔಷಧಿಯಿದೆ, ಕೆಲವು ವಾರ ಕೊಡಬೇಕು, ಕಣ್ಣಿನ ಪರದೆಯನ್ನೂ ಪರೀಕ್ಷಿಸಬೇಕು. ಅವರ ಒಂದು ಕಣ್ಣು ಆಗಲೇ ಮಂಜಾಗಿತ್ತು. ನಾನು ಹೇಳಿದ ‘ವೈರಲ್’ ಎಂಬ ಮಾತು ಸುಳ್ಳಾಗಿರಲಿಲ್ಲ, ಯಾವ ವೈರಸ್ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಅಂದಿನಿಂದ ಎರಡು ವಾರ ದಾಟಿದ ಭೇದಿಯನ್ನು ‘ವೈರಲ್’ ಎಂದು ಹೇಳಿ ಕಳಿಸುವುದನ್ನು ಬಿಟ್ಟಿದ್ದೇನೆ.

ಆದ್ದರಿಂದ ಹದಿನಾಲ್ಕು ದಿನವನ್ನು ಗೆರೆಯಾಗಿ ಇಟ್ಟುಕೊಳ್ಳಿ. ಅದನ್ನು ದಾಟಿದರೆ ಎಚ್‌ಐವಿ ಇರುವವರಲ್ಲಿ ನಾವು ಹುಡುಕುವುದು ವೈರಸ್ಸಿಗಿಂತ ಮೊದಲು ಪರೋಪಜೀವಿಗಳನ್ನು: ಕ್ರಿಪ್ಟೊಸ್ಪೊರಿಡಿಯಂ, ಸಿಸ್ಟೊಐಸೊಸ್ಪೊರಾ, ಮೈಕ್ರೊಸ್ಪೊರಿಡಿಯಾ. ಇವು ಮಲದ ಮಾಮೂಲಿ ಪರೀಕ್ಷೆಯಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತವೆ, ವಿಶೇಷ ಬಣ್ಣ ಹಾಕಿ ನೋಡಬೇಕು. ಚೀಟಿಯಲ್ಲಿ ಹಾಗೆಂದೇ ಬರೆಸಬೇಕು. ಸಿಸ್ಟೊಐಸೊಸ್ಪೊರಾಕ್ಕೆ ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ನಾಟುತ್ತದೆ. ಕ್ರಿಪ್ಟೊಸ್ಪೊರಿಡಿಯಂಗೆ ಎಆರ್‌ಟಿ ಮಾತ್ರೆಯಿಂದ ಸಿಡಿ4 ಏರುವುದೇ ನಿಜವಾದ ಔಷಧಿ.

ನಿಮಗೆ ಮಲ ಪರೀಕ್ಷೆ ಬೇಕಿತ್ತೇ ಎಂದು ಕೇಳಿದ್ದೀರಿ. ಬೇಕಿರಲಿಲ್ಲ. ಈಗ ಒಂದೇ ಮಾದರಿಯಲ್ಲಿ ಹತ್ತಿಪ್ಪತ್ತು ರೋಗಾಣುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗಳು ಬಂದಿವೆ, ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ನೊರೊವೈರಸ್ ಎಂದು ಚೀಟಿ ಬಂದಿದ್ದರೂ ನಿಮಗೆ ಕೊಡುವುದು ಉಪ್ಪು ಸಕ್ಕರೆ ನೀರನ್ನೇ. ಇನ್ನೊಂದು ತೊಡಕೂ ಇದೆ. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಎಚ್‌ಐವಿ ಇರುವವರ ಮಲವನ್ನು ಪರೀಕ್ಷಿಸಿದಾಗ ಭೇದಿ ಇದ್ದವರ ಮಾದರಿಗಳಲ್ಲಿ ಶೇ 35ರಷ್ಟರಲ್ಲಿ ವೈರಸ್ ಸಿಕ್ಕಿತು; ಭೇದಿಯೇ ಇಲ್ಲದವರ ಮಾದರಿಗಳಲ್ಲೂ ಶೇ 12ರಷ್ಟರಲ್ಲಿ ಸಿಕ್ಕಿತು. ಸ್ಥಳದಲ್ಲಿ ಸಿಕ್ಕವರೆಲ್ಲ ಕಳ್ಳರಲ್ಲ. ಎಚ್‌ಐವಿ ಇಲ್ಲದವರಲ್ಲೂ ಇದೇ ಕತೆ, ಏನೂ ಆಗದೆ ವೈರಸ್ ಹೊತ್ತು ತಿರುಗುವವರು ಇದ್ದಾರೆ.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು. ನಾಲ್ಕು ರಾತ್ರಿ ಮಾತ್ರೆ ಬಿಟ್ಟದ್ದು ತಪ್ಪು. ಭೇದಿಗೂ ಆ ಮಾತ್ರೆಗೂ ಸಂಬಂಧವಿರಲಿಲ್ಲ. ಎರಡನೆಯ ಹಂತದ ಚಿಕಿತ್ಸೆಯಲ್ಲಿರುವ ಕೆಲವರಿಗೆ ಲೊಪಿನಾವಿರ್‌ನಂಥ ಮಾತ್ರೆಯಿಂದ ಭೇದಿಯಾಗುವುದುಂಟು. ದಿನಕ್ಕೊಂದು ಎಂದು ಬರೆದಿರುವುದರಿಂದ ನಿಮ್ಮದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ ಇರಬೇಕು, ಡಬ್ಬಿಯ ಮೇಲೆ ನೋಡಿಕೊಳ್ಳಿ. ವಾಂತಿಯಾಗುವಾಗಲೂ ಅದನ್ನು ನಿಲ್ಲಿಸಬಾರದು. ನುಂಗಿದ ಒಂದು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಶುಕ್ರವಾರದಿಂದ ಮಾತ್ರೆಯ ಜೊತೆಗೇ ಜೆಲ್ ಕುಡಿದಿದ್ದರೆ ಅದು ಎರಡನೆಯ ತಪ್ಪು, ಅದರಲ್ಲಿ ನಿಮ್ಮ ಪಾಲು ಅರ್ಧ ಮಾತ್ರ. ಜೆಲ್‌ನಲ್ಲಿರುವ ಮ್ಯಾಗ್ನೀಸಿಯಂ, ಅಲ್ಯುಮಿನಿಯಂ ಡೊಲುಟೆಗ್ರಾವಿರ್‌ಗೆ ಗಂಟುಬಿದ್ದು ಅದು ರಕ್ತ ಸೇರದಂತೆ ಮಾಡುತ್ತವೆ. ಜೆಲ್ ಕುಡಿಯಲೇಬೇಕಿದ್ದರೆ ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಕುಡಿಯಿರಿ. ಮೊದಲು ಜೆಲ್ ಕುಡಿದುಬಿಟ್ಟಿದ್ದರೆ ಮಾತ್ರೆಗೆ ಆರು ಗಂಟೆ ಕಾಯಿರಿ. ಸತುವಿರುವ ಶಕ್ತಿಮಾತ್ರೆಗೂ ಇದೇ ಅಂತರವಿರಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಮೈಕೈ ನೋವಿಗೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಸೂಜಿ ಬೇಡ. ದೇಹ ಒಣಗಿರುವಾಗ ಅದು, ಟೆನೊಫೊವಿರ್ ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಏಟು. ಪ್ಯಾರಸಿಟಮಾಲ್ ಸಾಕು.

ನಾಲ್ಕು ರಾತ್ರಿ ಬಿಟ್ಟಿದ್ದರಿಂದ ಮಾತ್ರೆ ಕೈಕೊಟ್ಟಿತು ಎಂದು ಕೊರಗಬೇಡಿ, ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲುವ ಔಷಧಿಯಲ್ಲ. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ವೈರಲ್ ಲೋಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಅವರು ನಿರ್ಧರಿಸುತ್ತಾರೆ. ಇನ್ನು ಮುಂದೆ ಬೇರೆ ಕಾಯಿಲೆಗೆ ತೋರಿಸುವಾಗ ವೈದ್ಯರಿಗೆ ಎಚ್‌ಐವಿ ವಿಷಯ ತಿಳಿಸಿ. ಅಂಗಡಿಯ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಹೇಳಬೇಕೆಂದು ನಾನೂ ಹೇಳುವುದಿಲ್ಲ, ಅದಕ್ಕೇ ಔಷಧಿಯನ್ನು ಅಲ್ಲಿ ಕೇಳಬೇಡಿ ಎನ್ನುವುದು. 2017ರಲ್ಲಿ ಆದ, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ವೈದ್ಯರು ನಿಮ್ಮ ಗುಟ್ಟು ಕಾಯಲೇಬೇಕು, ಚಿಕಿತ್ಸೆ ನಿರಾಕರಿಸುವಂತಿಲ್ಲ. ತೊಂದರೆಯಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.

ತಟ್ಟೆ ಲೋಟದ ವಿಷಯಕ್ಕೆ ಬರುತ್ತೇನೆ. ಈ ಭಾಗವನ್ನು ನಿಮ್ಮ ತಮ್ಮನ ಹೆಂಡತಿಗೆ ಓದಿ ಹೇಳಿ, ಅಥವಾ ತಮ್ಮನಿಂದ ಓದಿಸಿ. ಎಚ್‌ಐವಿ ತಟ್ಟೆಯಿಂದ, ಲೋಟದಿಂದ, ಕಕ್ಕಸಿನಿಂದ, ವಾಂತಿ ಒರೆಸುವುದರಿಂದ ಹರಡುವುದಿಲ್ಲ. ಮಕ್ಕಳಿಗೆ ಬಂದದ್ದು ಬೀಗರೂಟದ ವೈರಸ್, ಅದನ್ನು ಮನೆಗೆ ತಂದವರು ಇಬ್ಬರು. ಯಾರಿಂದ ದಾಟಿತು ಎಂದು ಪಂಚಾಯಿತಿ ಮಾಡಿ ತೀರ್ಮಾನಿಸಲಾಗದು, ಆದರೆ ಹಜಾರದ ನಡುವೆ ಕಾರಿಕೊಂಡವರು ನೀವಲ್ಲ. ವಾಂತಿ ನೆಲಕ್ಕೆ ಬಿದ್ದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೂ ಚಿಮ್ಮುತ್ತವೆ, ಮಕ್ಕಳು ಕೂರುವ ಚಾಪೆಯ ಮೇಲೂ ಇಳಿಯುತ್ತವೆ. ಆ ಹಜಾರವನ್ನು ಫಿನಾಯಿಲ್ ಹಾಕಿ ಒರೆಸಿರುತ್ತಾರೆ, ವಾಸನೆ ಚೆನ್ನಾಗಿರುತ್ತದೆ, ಈ ವೈರಸ್ಸಿನ ಮೇಲೆ ಅದನ್ನು ನಂಬುವಂತಿಲ್ಲ. ಬೇಕಾದ್ದು ಬ್ಲೀಚಿಂಗ್ ಪೌಡರ್: ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ಹೊಸ ಪೊಟ್ಟಣದ್ದು. ವಾಂತಿಯನ್ನು ಮೊದಲು ಹಳೆಯ ಬಟ್ಟೆಯಿಂದ ತೆಗೆದು, ಆಮೇಲೆ ಈ ನೀರು ಸುರಿದು ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಕಿಟಕಿ ತೆಗೆದಿರಲಿ. ಕೈಗೆ ಸೋಪು, ನೀರು. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಈ ವೈರಸ್ಸಿಗೆ ಜಗ್ಗುವುದು ಕಡಿಮೆ. ಭೇದಿಯಾಗುತ್ತಿರುವ ಎರಡು ಮೂರು ದಿನ, ನಿಂತ ಮೇಲೆ ಇನ್ನೆರಡು ದಿನ, ರೋಗಿಯ ತಟ್ಟೆ ಬೇರೆ ಇಡುವುದು, ಅವರಿಂದ ಅಡುಗೆ ಮಾಡಿಸದಿರುವುದು ಜಾಣತನ. ಆ ನಿಯಮ ನಿಮ್ಮ ತಮ್ಮನಿಗೂ ಅನ್ವಯಿಸುತ್ತಿತ್ತು. ಅವನ ತಟ್ಟೆ ಗುರುವಾರವೇ ಅಡುಗೆಮನೆಗೆ ವಾಪಸಾಗಿದೆ, ನಿಮ್ಮ ತಟ್ಟೆ ತಿಂಗಳಾದರೂ ಹೊರಗಿದೆ. ಇದು ವೈದ್ಯಶಾಸ್ತ್ರವಲ್ಲ.

ಮುಂದಿನ ಸಲ ಭೇದಿಯಾದರೆ ಏನು ಮಾಡಬೇಕೆಂದು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಒಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ, 20.5 ಗ್ರಾಂನದು, ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ. ಲೋಟಕ್ಕೆ ಚೂರು ಚೂರು ಉದುರಿಸಿಕೊಳ್ಳಬೇಡಿ, ಉಪ್ಪು ಸಕ್ಕರೆಯ ಅಳತೆ ಕೆಟ್ಟರೆ ಅದು ಕೆಲಸ ಮಾಡುವುದಿಲ್ಲ. ಪುಡಿ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಿದ್ದರೆ ಐದು ನಿಮಿಷಕ್ಕೊಂದು ಗುಟುಕು. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ, ಇಡ್ಲಿ, ಮೆತ್ತಗಿನ ಅನ್ನ ನಡೆಯುತ್ತದೆ. ಮಜ್ಜಿಗೆಯಲ್ಲಿ ಹಾಲಿನ ಸಕ್ಕರೆ ಬಹಳಷ್ಟು ಹುಳಿಯಾಗಿ ಹೋಗಿರುವುದರಿಂದ ಅದಕ್ಕೆ ಹೆದರಬೇಕಿಲ್ಲ. ಭೇದಿ ಕಟ್ಟಿಸುವ ಮಾತ್ರೆಯನ್ನು ಜ್ವರ, ರಕ್ತ ಇರುವಾಗ ಮುಟ್ಟಬೇಡಿ. ಮಲದಲ್ಲಿ ರಕ್ತ, ಬಿಡದ ಜ್ವರ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಎದ್ದು ನಿಂತರೆ ಕಣ್ಣು ಕತ್ತಲೆ, ಇವುಗಳಲ್ಲಿ ಒಂದಿದ್ದರೂ ಹದಿನಾಲ್ಕು ದಿನದ ಲೆಕ್ಕ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ಇರಲಿ, ಇಲ್ಲದಿರಲಿ.

ಸಕಲೇಶಪುರದ ನಾಮಕರಣಕ್ಕೆ ಧಾರಾಳವಾಗಿ ಹೋಗಿ ಬನ್ನಿ. ಮನೆಯಿಂದ ಒಂದು ಬಾಟಲಿ ಕಾಯಿಸಿದ ನೀರು ಒಯ್ಯಿರಿ, ಹಬೆಯಾಡುತ್ತಿರುವುದನ್ನು ಬಡಿಸಿಕೊಳ್ಳಿ, ಹೆಚ್ಚಿಟ್ಟ ಸೌತೆಕಾಯಿಯನ್ನು ಎಲೆಯಲ್ಲೇ ಬಿಡಿ. ರಾತ್ರಿಯ ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಿ. ಊಟ ತಡವಾಗಿ ಕೊನೆಯ ಬಸ್ಸು ತಪ್ಪಿದರೆ ಅಲ್ಲೇ ಉಳಿಯಬೇಕಾದೀತು.